ಲಿನಕ್ಸ್‌ನಲ್ಲಿ ಯಂತ್ರಾಂಶದ ಹೊಂದಾಣಿಕೆ: ದೋಷ ಹುಡುಕುವ ದಾರಿ

ಲಿನಕ್ಸ್ ಹಾಕಿದ ಗಣಕದಲ್ಲಿ ಒಂದು ಸಾಧನ ಕೆಲಸ ಮಾಡಬೇಕಾದರೆ ನಾಲ್ಕು ಕೊಂಡಿಗಳು ಗಟ್ಟಿಯಾಗಿರಬೇಕು. ಮದರ್‌ಬೋರ್ಡಿಗೆ ಆ ಸಾಧನ ಕಾಣಬೇಕು. ಕಂಡದ್ದನ್ನು ತನ್ನದೆಂದು ಒಪ್ಪಿಕೊಳ್ಳುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿರಬೇಕು. ಸಾಧನದೊಳಗಿನ ಚಿಪ್ ಕೇಳುವ ಫರ್ಮ್‌ವೇರ್ ಡಿಸ್ಕಿನಲ್ಲಿ ಸಿಗಬೇಕು. ಕೊನೆಗೆ, ಇವುಗಳ ಮೇಲೆ ಕೂತಿರುವ ಧ್ವನಿ, ನೆಟ್‌ವರ್ಕ್, ಪ್ರಿಂಟಿಂಗ್ ಸೇವೆಗಳು ಅದನ್ನು ಸರಿಯಾಗಿ ಬಳಸಿಕೊಳ್ಳಬೇಕು. ‘ವೈಫೈ ಬರ್ತಾ ಇಲ್ಲ’ ಎಂಬ ಒಂದೇ ದೂರಿನ ಹಿಂದೆ ಈ ನಾಲ್ಕರಲ್ಲಿ ಯಾವುದು ಬೇಕಾದರೂ ಇರಬಹುದು. ಯಾವ ಕೊಂಡಿ ಕಳಚಿದೆ ಎಂದು ನೋಡುವ ಮೊದಲೇ ಇಡೀ ಸಿಸ್ಟಂ ಅಳಿಸಿ ಮತ್ತೆ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆದರೂ ಹೊಸಬರಲ್ಲಿ ಬಹಳ ಮಂದಿ ಮೊದಲು ಮಾಡುವುದು ಅದನ್ನೇ.

ಈ ತೊಂದರೆ ಈಗ ಹೆಚ್ಚು ಮನೆಗಳಿಗೆ ಬಂದಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಹೊಸ ಪೀಳಿಗೆಯ ಪ್ರೊಸೆಸರ್ರೂ ಬೇಕು. ಓಡಲು ಶಕ್ತಿಯಿದ್ದೂ ಈ ಪರೀಕ್ಷೆಯಲ್ಲಿ ನಪಾಸಾದ ಲ್ಯಾಪ್‌ಟಾಪ್‌ಗಳಿಗೆ ಉಳಿದ ಸುಲಭ ದಾರಿ ಉಬುಂಟು, ಮಿಂಟ್, ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳು. ಈ ಯಂತ್ರಗಳನ್ನು ಮಾಡಿದವರು ಅವುಗಳ ಮೇಲೆ ಲಿನಕ್ಸ್ ಓಡೀತೆಂದು ಎಣಿಸಿರಲಿಲ್ಲ. ಕೀಲಿಗೆ ತಕ್ಕ ಬೀಗವಲ್ಲ ಇದು, ಬೀಗ ನೋಡಿ ಅರೆದು ಕೂರಿಸಿದ ಕೀಲಿ.

ವಿಂಡೋಸ್ ಲೋಕದಲ್ಲಿ ಸಾಧನ ಮಾಡಿದ ಕಂಪನಿಯೇ ಡ್ರೈವರ್ ಬರೆದು ಪೆಟ್ಟಿಗೆಯ ಜೊತೆ ಕೊಡುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್‌ಗಳ ಮನೆ ಕರ್ನೆಲ್ಲೇ. 1991ರ ಆಗಸ್ಟ್ 25ರಂದು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ತನ್ನ ಕೆಲಸವನ್ನು ಜಗತ್ತಿಗೆ ತಿಳಿಸಿದಾಗ, ತನ್ನ ಬಳಿ ಇರುವ ಎಟಿ ಬಗೆಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೇನೂ ಇದರಲ್ಲಿ ಬಹುಶಃ ಎಂದೂ ನಡೆಯಲಿಕ್ಕಿಲ್ಲ ಎಂದಿದ್ದರು. ಆಮೇಲೆ ಯಾರ ಬಳಿ ಯಾವ ಸಾಧನವಿತ್ತೋ ಅವರು ಅದಕ್ಕೆ ಡ್ರೈವರ್ ಬರೆದು ಸೇರಿಸುತ್ತಾ ಹೋದರು; ಇಂಟೆಲ್, ಎಎಂಡಿಯಂಥ ಕಂಪನಿಗಳು ತಮ್ಮ ಎಂಜಿನಿಯರ್‌ಗಳಿಂದಲೇ ಬರೆಸಿದವು. ಒಳಗೆ ಸೇರಿದ ಡ್ರೈವರ್ ಬೇಗ ಸಾಯುವುದಿಲ್ಲ. ಟೋರ್ವಾಲ್ಡ್ಸ್ ಯಾವುದರ ಮೇಲೆ ಶುರುಮಾಡಿದರೋ ಆ 386 ಪ್ರೊಸೆಸರನ್ನು ಕರ್ನೆಲ್ ಕೈಬಿಟ್ಟದ್ದು 2013ರಲ್ಲಿ ಬಂದ 3.8ನೆಯ ಆವೃತ್ತಿಯಲ್ಲಿ, 21 ವರ್ಷ ಸಾಕಿದ ಮೇಲೆ. ಆದ್ದರಿಂದ ಲಿನಕ್ಸ್‌ನಲ್ಲಿ ತೀರ ಹಳೆಯ ಯಂತ್ರ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಮಾರುಕಟ್ಟೆಗೆ ಬಂದು ಆರು ತಿಂಗಳಾದ ಯಂತ್ರ, ಮತ್ತು ತನ್ನ ಚಿಪ್‌ನ ವಿವರವನ್ನು ಹೊರಗೆ ಕೊಡದ ತಯಾರಕರ ಯಂತ್ರ.

ಎರಡನೆಯದು ಹಳೆಯ ಜಗಳ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಅದು ಬೇರೆ ಮಹಡಿಯಲ್ಲಿತ್ತು, ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ತೆರೆಯ ಮೇಲೆ ಸುದ್ದಿ ಬರುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ಮೂಲ ಸಂಕೇತ ಸಿಗಲಿಲ್ಲ. ಇಟ್ಟುಕೊಂಡಿದ್ದವರು ಗುಟ್ಟು ಬಿಡೆನೆಂದು ಕರಾರಿಗೆ ಸಹಿ ಹಾಕಿದ್ದರು. 1983ರಲ್ಲಿ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯ ಹಿಂದೆ ಈ ಪ್ರಿಂಟರಿನ ಸಿಟ್ಟೂ ಇತ್ತು. ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದೇ ಒಂದು ಹೊಂದಾಣಿಕೆಯ ತಕರಾರಿನಿಂದ ಎಂದರೆ ತಪ್ಪಲ್ಲ.

ಹುಡುಕಾಟ ಆರಂಭವಾಗಬೇಕಾದದ್ದು ಸಾಧನದ ಹೆಸರಿನಿಂದಲ್ಲ, ಅದರ ಸಂಖ್ಯೆಯಿಂದ. ಪಿಸಿಐ ಮತ್ತು ಯುಎಸ್‌ಬಿ ಸಾಧನ ಪ್ರತಿಯೊಂದೂ ತನ್ನೊಳಗೆ ಎರಡು ಗುರುತು ಹೊತ್ತಿರುತ್ತದೆ: ತಯಾರಕರದೊಂದು, ಸಾಧನದ್ದೊಂದು. ಎರಡೂ 16 ಬಿಟ್‌ನವು, ಹದಿನಾರರ ಮಾನದಲ್ಲಿ ಬರೆದಂಥವು. ಹಾಗಾಗಿ ಅಂಕಿಗಳ ನಡುವೆ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಬರುತ್ತವೆ. ಪಿಸಿಐ ಲೋಕದಲ್ಲಿ ಇಂಟೆಲ್ ತನ್ನ 1978ರ ಪ್ರೊಸೆಸರಿನ ಹೆಸರಾದ 8086ನ್ನೇ ಗುರುತಾಗಿ ಇಟ್ಟುಕೊಂಡಿದೆ. ರಿಯಲ್‌ಟೆಕ್‌ನದು 10ಇಸಿ, ಬ್ರಾಡ್‌ಕಾಮ್‌ನದು 14ಇ4, ಎನ್‌ವಿಡಿಯಾದು 10ಡಿಇ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶಕ್ಕೆ ‘-ಎನ್‌ಎನ್‌ಕೆ’ ಎಂಬ ಬಾಲ ಸೇರಿಸಿ ಕೊಟ್ಟರೆ ಪ್ರತಿ ಸಾಧನದ ಸಂಖ್ಯೆಯೂ ಅದನ್ನು ಸದ್ಯ ಹಿಡಿದಿರುವ ಡ್ರೈವರಿನ ಹೆಸರೂ ಬರುತ್ತವೆ. ಯುಎಸ್‌ಬಿ ಸಾಧನಗಳಿಗೆ ‘ಎಲ್‌ಎಸ್‌ಯುಎಸ್‌ಬಿ’.

ಪೆಟ್ಟಿಗೆಯ ಮೇಲಿನ ಹೆಸರನ್ನು ಏಕೆ ನಂಬಬಾರದು ಎಂಬುದಕ್ಕೆ ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಯುಎಸ್‌ಬಿ ವೈಫೈ ಕಡ್ಡಿ ಒಳ್ಳೆಯ ಉದಾಹರಣೆ. ಅದರ ಮೊದಲ ಆವೃತ್ತಿಯೊಳಗೆ ಇದ್ದದ್ದು ಅಥೆರೋಸ್‌ನ ಎಆರ್9271 ಚಿಪ್. ಅದಕ್ಕೆ ಕರ್ನೆಲ್‌ನಲ್ಲೇ ಒಳ್ಳೆಯ ಡ್ರೈವರ್ ಇದ್ದುದರಿಂದ ಲಿನಕ್ಸ್ ಬಳಗದಲ್ಲಿ ಕಡ್ಡಿಗೆ ಹೆಸರು ಬಂತು. ಎರಡನೆಯ ಆವೃತ್ತಿಯಲ್ಲಿ ಒಳಗಿನ ಚಿಪ್ ರಿಯಲ್‌ಟೆಕ್‌ನದಾಯಿತು. ಹೊರಗಿನ ಹೆಸರು ಅದೇ ಉಳಿಯಿತು. ಹಳೆಯ ಹೊಗಳಿಕೆ ಓದಿ ಹೊಸದನ್ನು ಕೊಂಡವರು ಲಿನಕ್ಸನ್ನು ಬೈದರು. ಆವೃತ್ತಿಯ ಸಂಖ್ಯೆ ಇರುವುದು ಅಂಗಡಿಯ ಬೆಳಕಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ.

ಸಂಖ್ಯೆಯೇ ಪಟ್ಟಿಯಲ್ಲಿ ಕಾಣದಿದ್ದರೆ ಮೊದಲ ಕೊಂಡಿಯೇ ಕಳಚಿದೆ ಎಂದರ್ಥ, ಆಗ ಡ್ರೈವರ್ ಹುಡುಕಿ ಫಲವಿಲ್ಲ. ಬಯಾಸ್‌ನಲ್ಲಿ ಆ ಸಾಧನವನ್ನು ಆಫ್ ಮಾಡಿರಬಹುದು, ಕಾರ್ಡ್ ಸ್ಲಾಟಿನಲ್ಲಿ ಸಡಿಲವಾಗಿರಬಹುದು, ಯುಎಸ್‌ಬಿ ಕೇಬಲ್ ಸತ್ತಿರಬಹುದು. ಕರ್ನೆಲ್ ತನ್ನ ದಿನಚರಿಯನ್ನು ಬಿಡದೆ ಬರೆದಿಡುತ್ತದೆ. ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರದ ಆದೇಶ, ಆಡುಮಾತಿನ ‘ಡಿಮೆಸೇಜ್’, ಅದನ್ನು ತೆರೆಯ ಮೇಲೆ ಸುರಿಯುತ್ತದೆ. ಅದರಲ್ಲಿ ಯುಎಸ್‌ಬಿ ಸಾಧನದ ಹೆಸರಿನ ಮುಂದೆ ಮೈನಸ್ 71 ಅಥವಾ ಮೈನಸ್ 110 ಎಂಬ ದೋಷಸಂಖ್ಯೆ ಮತ್ತೆ ಮತ್ತೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್, ಹಬ್ ಮತ್ತು ವಿದ್ಯುತ್ತನ್ನು. ಮೊದಲನೆಯದು ಮಾತುಕತೆ ಕೆಟ್ಟಿದೆ ಎನ್ನುವುದು, ಎರಡನೆಯದು ಕಾದು ಕಾದು ಉತ್ತರ ಬರಲಿಲ್ಲ ಎನ್ನುವುದು.

ಈ ದಿನಚರಿ ಇಂಗ್ಲಿಷಿನಲ್ಲೇ ಇರುತ್ತದೆ. ಡೆಸ್ಕ್‌ಟಾಪ್ ಅಚ್ಚ ಕನ್ನಡದಲ್ಲಿದ್ದರೂ ಅದರ ಕೆಳಗಿನ ಕಪ್ಪು ತೆರೆ, ಅಂದರೆ ಕರ್ನೆಲ್‌ನ ಪಠ್ಯ ಕನ್ಸೋಲ್, ಹೆಚ್ಚೆಂದರೆ 512 ಅಕ್ಷರರೂಪಗಳನ್ನಷ್ಟೇ ಇಟ್ಟುಕೊಳ್ಳಬಲ್ಲದು. ಒತ್ತಕ್ಷರವನ್ನು ಕೆಳಗೆ ಇಳಿಸಿ ಕೂಡಿಸುವ ವಿದ್ಯೆ ಅದಕ್ಕಿಲ್ಲ. ಯಂತ್ರ ಅರ್ಧ ದಾರಿಯಲ್ಲಿ ನಿಂತಾಗ ಕಾಣುವ ಆ ಸಾಲುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಎಲ್ಲ ಭಾಷೆಯವರಿಗೂ ಒಳ್ಳೆಯದು.

ಸಂಖ್ಯೆ ಇದೆ, ಡ್ರೈವರಿನ ಹೆಸರಿಲ್ಲ ಎಂದಾದರೆ ತೊಂದರೆ ಎರಡನೆಯ ಕೊಂಡಿಯದು. ಯಾವ ಸಂಖ್ಯೆಗೆ ಯಾವ ಮಾಡ್ಯೂಲ್ (ಬೇಕಾದಾಗ ಏರಿಸುವ ಡ್ರೈವರ್ ಕಡತ) ಎಂಬ ದೊಡ್ಡ ಪಟ್ಟಿಯೊಂದು ಪ್ರತಿ ಕರ್ನೆಲ್‌ನ ಜೊತೆಗೂ ಬರುತ್ತದೆ. ಸಾಧನ ಕಂಡ ಕೂಡಲೇ ಅದರಲ್ಲಿ ಹುಡುಕಿ ಮಾಡ್ಯೂಲ್ ಏರಿಸುವುದು ತಾನಾಗಿ ನಡೆಯುವ ಕೆಲಸ. ಪಟ್ಟಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಸಾಮಾನ್ಯವಾಗಿ ಕರ್ನೆಲ್ ಸಾಧನಕ್ಕಿಂತ ಹಳೆಯದು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಡೆ ಕಾಣುವ ರಿಯಲ್‌ಟೆಕ್ ಆರ್‌ಟಿಎಲ್8821ಸಿಇ ವೈಫೈ ಚಿಪ್‌ಗೆ (10ಇಸಿ:ಸಿ821) ಕರ್ನೆಲ್‌ನೊಳಗೇ ಡ್ರೈವರ್ ಸಿಕ್ಕಿದ್ದು 2020ರ ಹೊತ್ತಿಗೆ. ಅದಕ್ಕೂ ಹಿಂದಿನ ಕರ್ನೆಲ್ ಇರುವ ವಿತರಣೆಯಲ್ಲಿ ಈ ಚಿಪ್ ಜತೆ ಹೆಣಗುವವರಿಗೆ ಸರಿಯಾದ ಮದ್ದು ಹೊಸ ಕರ್ನೆಲ್. ಎಲ್ಲಿಂದಲೋ ತಂದ ಡ್ರೈವರನ್ನು ಕೈಯಾರೆ ಕಟ್ಟಿಕೊಳ್ಳುವುದು ಎರಡನೆಯ ಆಯ್ಕೆಯಾಗಿಯೇ ಇರಲಿ. ಕರ್ನೆಲ್‌ನ ಒಳಗಿನ ಸಂಪರ್ಕದ ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಬದಲಿಸಿದವರು ಒಳಗಿರುವ ಡ್ರೈವರ್‌ಗಳನ್ನೆಲ್ಲ ತಾವೇ ಸರಿಪಡಿಸಬೇಕೆಂಬ ಪದ್ಧತಿಯಿದೆ. ಹೊರಗಿನ ಡ್ರೈವರ್‌ಗೆ ಆ ರಕ್ಷಣೆ ಇಲ್ಲ. ಪ್ರತಿ ಹೊಸ ಕರ್ನೆಲ್‌ಗೂ ಅದನ್ನು ಮತ್ತೆ ಕಟ್ಟಿಕೊಡಲು ಡಿಕೆಎಂಎಸ್ ಎಂಬ ಏರ್ಪಾಡಿದ್ದರೂ, ಮೂಲ ಬರೆದವರು ಸುಮ್ಮನಾದ ದಿನ ಅದೂ ಕೈಚೆಲ್ಲುತ್ತದೆ.

ಡ್ರೈವರ್ ಹಿಡಿದಿದ್ದರೂ ಸಾಧನ ಏಳದಿದ್ದರೆ ಫರ್ಮ್‌ವೇರ್ ನೋಡಬೇಕು. ಇಂದಿನ ವೈಫೈ ಚಿಪ್ ತಾನೇ ಒಂದು ಸಣ್ಣ ಗಣಕ. ಅದರೊಳಗೆ ಓಡಬೇಕಾದ ಪ್ರೋಗ್ರಾಮನ್ನು ಖರ್ಚು ಉಳಿಸಲು ಚಿಪ್‌ನಲ್ಲಿ ಇಡದೆ, ಯಂತ್ರ ಶುರುವಾದಾಗಲೆಲ್ಲ ಡಿಸ್ಕಿನಿಂದ ತುಂಬಿಸುತ್ತಾರೆ. ಆ ಕಡತ ಇಲ್ಲದಿದ್ದರೆ ದಿನಚರಿಯಲ್ಲಿ ಅದರ ಹೆಸರೂ ಪಕ್ಕದಲ್ಲಿ ಮೈನಸ್ 2 ಎಂಬ ಸಂಖ್ಯೆಯೂ ಇರುತ್ತವೆ: ಹಾಗೊಂದು ಕಡತವೇ ಇಲ್ಲ ಎಂದು. ಇಡೀ ಹುಡುಕಾಟದಲ್ಲಿ ಇದಕ್ಕಿಂತ ನೇರವಾದ ಉತ್ತರ ಇನ್ನೊಂದು ಸಿಗದು. ಕಡತದ ಹೆಸರನ್ನೇ ಯಂತ್ರ ಹೇಳಿಬಿಟ್ಟಿರುತ್ತದೆ. ಈ ಕಡತಗಳ ಮೂಲ ಸಂಕೇತವನ್ನು ಕಂಪನಿಗಳು ಕೊಡುವುದಿಲ್ಲವಾದ್ದರಿಂದ ಡೆಬಿಯನ್ ಬಹುಕಾಲ ಅವನ್ನು ತನ್ನ ಅನುಸ್ಥಾಪನಾ ಡಿಸ್ಕಿನಿಂದ ದೂರ ಇಟ್ಟಿತ್ತು. ವೈಫೈಗೆ ಬೇಕಾದ ಕಡತ ಇಳಿಸಿಕೊಳ್ಳಲು ವೈಫೈ ಬೇಕು ಎಂಬ ಬಿಕ್ಕಟ್ಟಿಗೆ ಎಷ್ಟೋ ಜನ ಸಿಕ್ಕಿದರು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಫರ್ಮ್‌ವೇರ್ ಡಿಸ್ಕಿನಲ್ಲೇ ಇದೆ. ತತ್ತ್ವಕ್ಕೆ ಸ್ವಲ್ಪ ಪೆಟ್ಟಾಯಿತು ಎನ್ನುವವರಿದ್ದಾರೆ. ಅದು ನಿಜವೂ ಹೌದು. ಆದರೆ ಫರ್ಮ್‌ವೇರನ್ನು ಚಿಪ್‌ನ ಆರ್‌ಒಎಂನಲ್ಲಿ ಸುಟ್ಟು ಕೊಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ, ಡಿಸ್ಕಿನಿಂದ ಓದಿದರೆ ಮಾತ್ರ ಮೈಲಿಗೆ ಎಂಬ ವಾದದಲ್ಲಿ ಹುರುಳು ಕಡಿಮೆ.

ಇಂಥ ಬಿಕ್ಕಟ್ಟಿನಿಂದ ಹೊರಬರಲು ಕೈಗೆಟಕುವ ಸಾಧನ ಮೊಬೈಲ್ ಫೋನ್. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಒತ್ತಿದರೆ ಲಿನಕ್ಸ್‌ಗೆ ಅದು ತಂತಿಯ ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ಎಲ್ಲ ವಿತರಣೆಗಳಲ್ಲೂ ಇರುತ್ತದೆ.

ಈ ಮೂರೂ ಕೊಂಡಿ ಸರಿಯಿದ್ದಂತೆ ಕಂಡರೂ ಸಾಧನ ಕೈಕೊಡುವ ಪ್ರಸಂಗಗಳೇ ಹೆಚ್ಚು ತಲೆ ತಿನ್ನುವಂಥವು. ಕೆಲವು ಲ್ಯಾಪ್‌ಟಾಪ್‌ಗಳ ವೈಫೈ ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು: ರೌಟರಿನ ಪಕ್ಕ ಕೂತರೆ ಬರುತ್ತದೆ, ಪಕ್ಕದ ಕೋಣೆಗೆ ಹೋದರೆ ಸತ್ತುಹೋಗುತ್ತದೆ. ಎಲ್‌ಎಸ್‌ಪಿಸಿಐ ಸಂಖ್ಯೆ ತೋರಿಸುತ್ತದೆ, 10ಇಸಿ:ಬಿ723. ಡ್ರೈವರ್ ಹಿಡಿದಿದೆ, ಆರ್‌ಟಿಎಲ್8723ಬಿಇ. ಫರ್ಮ್‌ವೇರ್ ತುಂಬಿದೆ. ದಿನಚರಿಯಲ್ಲಿ ದೋಷದ ಸೊಲ್ಲಿಲ್ಲ. ಸಿಗ್ನಲ್ ಮಟ್ಟ ಮಾತ್ರ ಮೈನಸ್ 80 ಡಿಬಿಎಂ ಆಸುಪಾಸು, ಅಂದರೆ ಅಲೆ ಸೋರಿ ಬರುತ್ತಿದೆ ಅಷ್ಟೆ. ಅದೇ ಮೇಜಿನ ಮೇಲಿನ ಫೋನಿಗೆ ಪೂರ್ತಿ ಕಡ್ಡಿಗಳು.

ಕಾರಣ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿತ್ತು. ಆ ಕಾರ್ಡಿಗೆ ಆಂಟೆನಾ ಜೋಡಿಸಲು ಎರಡು ಗುಂಡಿಗಳಿವೆ. ಬೆಲೆ ಇಳಿಸಲು ತಯಾರಕರು ಒಂದೇ ಆಂಟೆನಾ ಹಾಕಿದ್ದರು, ಅದು ತಪ್ಪಲ್ಲ. ಆದರೆ ಆಂಟೆನಾ ಇರುವುದು ಒಂದು ಗುಂಡಿಯಲ್ಲಿ, ಕಾರ್ಡಿನೊಳಗಿನ ಸ್ಮೃತಿಯಲ್ಲಿ ಬರೆದದ್ದು ಇನ್ನೊಂದು ಗುಂಡಿಯ ಹೆಸರು. ಡ್ರೈವರ್ ಬರೆದದ್ದನ್ನು ನಂಬಿ ಖಾಲಿ ಗುಂಡಿಯಲ್ಲಿ ಕಿವಿಗೊಟ್ಟು ಕೂತಿತ್ತು. ಮುಚ್ಚಳ ಬಿಚ್ಚಿ ತಂತಿಯನ್ನು ಆಚೆ ಗುಂಡಿಗೆ ಸಿಕ್ಕಿಸಿದರೆ ಸರಿಹೋಗುತ್ತದೆ. ಆದರೆ ವಾರಂಟಿ ಹೋಗಬಹುದು, ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ ಅಲ್ಲಿ ವೈಫೈ ಕೆಡುತ್ತದೆ. ಆದ್ದರಿಂದ ಡ್ರೈವರಿಗೇ ಒಂದು ಗುಂಡಿ ಬದಲಿಸುವ ಆಯ್ಕೆ ಸೇರಿಸಿದರು. ‘ಎಟ್ಸಿ’ ಫೋಲ್ಡರಿನ ‘ಮಾಡ್‌ಪ್ರೋಬ್.ಡಿ’ಯಲ್ಲಿ ಒಂದು ಸಣ್ಣ ಕಡತ ಮಾಡಿ, ಮಾಡ್ಯೂಲಿನ ಹೆಸರಿನ ಮುಂದೆ ‘ಆಂಟ್_ಸೆಲ್=2’ ಎಂದು ಬರೆದು ಯಂತ್ರ ಮರುಚಾಲನೆ ಮಾಡಬೇಕು. ಅದರಿಂದ ಆಗದಿದ್ದರೆ 2ರ ಜಾಗದಲ್ಲಿ 1. ಒಂದು ಅಂಕಿ ಬದಲಾದದ್ದಕ್ಕೆ ಪಕ್ಕದ ಕೋಣೆಯ ಸಿಗ್ನಲ್ ಮೈನಸ್ 80ರಿಂದ ಮೈನಸ್ 50ರ ಹತ್ತಿರಕ್ಕೆ ಬರುವುದನ್ನು ಕಣ್ಣಾರೆ ನೋಡಿದವರಿಗೆ, ‘ಲಿನಕ್ಸ್‌ನಲ್ಲಿ ವೈಫೈ ವೀಕು’ ಎಂಬ ಮಾತು ಎಲ್ಲಿಂದ ಹುಟ್ಟಿತೆಂದು ತಿಳಿಯುತ್ತದೆ.

ರಿಯಲ್‌ಟೆಕ್ ಚಿಪ್‌ಗಳ ಡ್ರೈವರ್‌ಗಳನ್ನು ಹೀಗೆ ವರ್ಷಗಟ್ಟಲೆ ತಿದ್ದಿ ನಡೆಸಿದವರು 2024ರಲ್ಲಿ ತೀರಿಕೊಂಡ ಲ್ಯಾರಿ ಫಿಂಗರ್. ವೃತ್ತಿಯಿಂದ ಅವರು ಹರಳುಗಳ ರಚನೆ ಓದುವ ವಿಜ್ಞಾನಿ; ಫಿಂಗರೈಟ್ ಎಂಬ ಖನಿಜಕ್ಕೆ ಅವರದೇ ಹೆಸರಿದೆ. ಕಂಪನಿ ಬಾಯಿಬಿಡದ ಚಿಪ್‌ನ ಒಳಗನ್ನು ಅದು ಹೊರಗೆ ತೋರಿಸುವ ಲಕ್ಷಣಗಳಿಂದ ಊಹಿಸುವುದು ಅಂಥವರಿಗೆ ಹೊಸ ಕೆಲಸವೇನಾಗಿರಲಿಲ್ಲ.

ವೈಫೈ ವಿಷಯದಲ್ಲಿ ಇನ್ನೊಂದು ಸಣ್ಣ ಮಾತಿದೆ. ‘ಆರ್‌ಎಫ್‌ಕಿಲ್’ ಎಂಬ ಆದೇಶ ರೇಡಿಯೋ ಮುಚ್ಚಿದೆಯೇ, ಮುಚ್ಚಿದ್ದರೆ ತಂತ್ರಾಂಶದಿಂದಲೋ ಗುಂಡಿಯಿಂದಲೋ ಎಂದು ಹೇಳುತ್ತದೆ. ಕೀಲಿಮಣೆಯ ಮೇಲಿನ ವಿಮಾನದ ಚಿತ್ರಕ್ಕೆ ಬೆರಳು ತಗುಲಿದ್ದಷ್ಟೇ ದೋಷವಾದರೆ ಎರಡು ದಿನ ಡ್ರೈವರ್ ಹುಡುಕುವುದು ವ್ಯರ್ಥ.

ಲಿನಕ್ಸ್ ಶುರುವಾಗುವುದಕ್ಕೂ ಮೊದಲೇ ಕೂತಿರುವ ತೊಡಕುಗಳು ಬೇರೆ. ಅನುಸ್ಥಾಪನೆಗೆ ಕೂತಾಗ ಪೆನ್‌ಡ್ರೈವ್ ಬಿಟ್ಟು ಬೇರೆ ಡಿಸ್ಕೇ ಕಾಣದಿದ್ದರೆ, ಇಂಟೆಲ್ ಯಂತ್ರಗಳಲ್ಲಿ ಬಯಾಸ್‌ನ ಆರ್‌ಎಸ್‌ಟಿ ಅಥವಾ ರೇಡ್ ವ್ಯವಸ್ಥೆ ಡಿಸ್ಕನ್ನು ಮರೆಮಾಡಿರುವ ಸಂಭವ ಹೆಚ್ಚು. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ, ಆದರೆ ಈಗಾಗಲೇ ಇರುವ ವಿಂಡೋಸ್ ನೀಲಿ ತೆರೆ ತೋರಿಸಿ ನಿಲ್ಲುತ್ತದೆ. ಬದಲಿಸುವ ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿಟ್ಟು, ಬದಲಿಸಿದ ಮೇಲೆ ಒಮ್ಮೆ ಸೇಫ್ ಮೋಡ್‌ನಲ್ಲೇ ತೆರೆದರೆ ಅದು ಹೊಸ ಏರ್ಪಾಡಿಗೆ ಒಗ್ಗಿಕೊಳ್ಳುತ್ತದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಇನ್ನೊಂದು ಕಾಟ. ಅದು ಯಂತ್ರವನ್ನು ಪೂರ್ತಿ ಆರಿಸುವುದಿಲ್ಲ, ತನ್ನ ಅರ್ಧ ನಿದ್ದೆಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಆಮೇಲೆ ಬಂದ ಲಿನಕ್ಸ್‌ಗೆ ವಿಂಡೋಸ್ ಭಾಗದ ಕಡತಗಳನ್ನು ಓದಲಷ್ಟೇ ಸಾಧ್ಯವಾಗುತ್ತದೆ, ಕೆಲವೊಮ್ಮೆ ವೈಫೈ ಕಾರ್ಡ್ ಎಚ್ಚರವೇ ಆಗುವುದಿಲ್ಲ.

ಎರಡೂ ಸಿಸ್ಟಂ ಇರುವ ಯಂತ್ರದಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪುವುದನ್ನು ಭಾರತದಲ್ಲಿ ಅನೇಕರು ಕಂಡಿದ್ದಾರೆ. ಬ್ಯಾಟರಿ ಸತ್ತಿದೆ ಎಂದು ಮದರ್‌ಬೋರ್ಡಿನ ಗುಂಡುಸೆಲ್ ಬದಲಿಸಿದವರೂ ಇದ್ದಾರೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯವನ್ನು ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯವನ್ನು. ಲಿನಕ್ಸ್ ಬರೆದಿಟ್ಟುಹೋದ ಮೇಲೆ ವಿಂಡೋಸ್ ತೆರೆದರೆ ಐದೂವರೆ ಗಂಟೆ ಹಿಂದೆ. ವಿಂಡೋಸ್ ಬರೆದ ಮೇಲೆ ಲಿನಕ್ಸ್ ತೆರೆದರೆ ಅಷ್ಟೇ ಮುಂದೆ. ಗಡಿಯಾರ ತಪ್ಪಿದರೆ ಬ್ರೌಸರ್ ಭದ್ರತಾ ಪ್ರಮಾಣಪತ್ರಗಳನ್ನು ಒಪ್ಪದೆ ಹೋಗಬಹುದು, ದೂರು ಆಗ ‘ಇಂಟರ್ನೆಟ್ ಕೆಟ್ಟಿದೆ’ ಎಂಬ ವೇಷದಲ್ಲಿ ಬರುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಆದೇಶದಿಂದ ಲಿನಕ್ಸನ್ನೂ ಸ್ಥಳೀಯ ಸಮಯಕ್ಕೆ ಒಪ್ಪಿಸಬಹುದು.

ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಸಹಿ ಇಲ್ಲದ ಮಾಡ್ಯೂಲ್‌ಗಳನ್ನು ಒಳಗೆ ಬಿಡುವುದಿಲ್ಲ. ವಿತರಣೆಯ ಜೊತೆ ಬಂದ ಡ್ರೈವರ್‌ಗಳಿಗೆ ಸಹಿ ಇರುತ್ತದೆ. ಡಿಕೆಎಂಎಸ್ ಮನೆಯಲ್ಲೇ ಕಟ್ಟಿದ್ದಕ್ಕೆ ಮನೆಯ ಮಾಲೀಕರೇ ಕೀಲಿ ನೋಂದಾಯಿಸಬೇಕು. ಅದಕ್ಕಾಗಿ ಅನುಸ್ಥಾಪನೆಯ ಹೊತ್ತಿಗೆ ಒಂದು ಗುಪ್ತಪದ ಕೇಳಿ, ಮುಂದಿನ ಸಲ ಯಂತ್ರ ಶುರುವಾಗುವಾಗ ನೀಲಿ ತೆರೆಯೊಂದು ಬರುತ್ತದೆ. ಅವಸರದಲ್ಲಿ ಮೊದಲ ಸಾಲಿನ ‘ಕಂಟಿನ್ಯೂ’ ಒತ್ತಿದವರ ಡ್ರೈವರ್ ಬಾಗಿಲಲ್ಲೇ ಉಳಿಯುತ್ತದೆ. ಅಲ್ಲಿ ಆರಿಸಬೇಕಾದದ್ದು ‘ಎನ್‌ರೋಲ್ ಎಂಒಕೆ’. ಸೆಕ್ಯೂರ್ ಬೂಟನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಕೀಲಿ ನೋಂದಾಯಿಸಲು ಎರಡು ನಿಮಿಷ ಸಾಕಾಗುವಾಗ ಬೀಗವನ್ನೇ ಕಿತ್ತಿಡುವುದು ಅನವಶ್ಯಕ.

ಗ್ರಾಫಿಕ್ಸ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳು ಈಗ ಬಹುಮಟ್ಟಿಗೆ ತಾವಾಗಿ ನಡೆಯುತ್ತವೆ. ಎನ್‌ವಿಡಿಯಾದ ಕತೆ ಉದ್ದ. ಹೊರಗಿನವರು ಹಿಮ್ಮುಖವಾಗಿ ಶೋಧಿಸಿ ಬರೆದ ನೂವೋ ಡ್ರೈವರ್ ಇದೆ. ಆದರೆ 2014ರ ಮ್ಯಾಕ್ಸ್‌ವೆಲ್ ಎರಡನೆಯ ಪೀಳಿಗೆಯಿಂದ ಕಂಪನಿ ತನ್ನ ಸಹಿ ಇರುವ ಫರ್ಮ್‌ವೇರ್ ಮಾತ್ರ ಚಿಪ್ ಒಪ್ಪುವಂತೆ ಮಾಡಿದ್ದರಿಂದ ನೂವೋಗೆ ಆ ಕಾರ್ಡ್‌ಗಳ ವೇಗ ಏರಿಸಲು ಆಗಲಿಲ್ಲ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಆ ಕಂಪನಿಯನ್ನು ಬೆರಳು ತೋರಿಸಿ ಬೈದದ್ದು ಲೋಕಪ್ರಸಿದ್ಧ. 2022ರ ಮೇನಲ್ಲಿ ಕಂಪನಿ ತನ್ನ ಕರ್ನೆಲ್ ಮಾಡ್ಯೂಲ್‌ಗಳ ಮೂಲವನ್ನು ಬಿಡುಗಡೆ ಮಾಡಿತು, ಅದೂ ಟ್ಯೂರಿಂಗ್ ಮತ್ತು ಅದರ ನಂತರದ ಪೀಳಿಗೆಗಳಿಗೆ. ಅನುಸ್ಥಾಪನೆ ಶುರುವಾಗುತ್ತಲೇ ತೆರೆ ಕಪ್ಪಾದರೆ, ಯಂತ್ರ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸುವುದು ತಾತ್ಕಾಲಿಕ ಪರಿಹಾರ. ಹೀಗೆ ಸೇರಿಸಿದ್ದು ಆ ಒಂದು ಸಲಕ್ಕೆ ಮಾತ್ರ, ಆದ್ದರಿಂದ ಪ್ರಯೋಗಕ್ಕೆ ಭಯವಿಲ್ಲ. ಅದನ್ನೇ ಕಾಯಂ ಮಾಡಿಕೊಂಡು ಮಂದವಾದ ತೆರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುವುದು ಮಾತ್ರ ಬೇಡ.

ಧ್ವನಿ ಬರದಿದ್ದಾಗ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಎಂದು ಕಂಡರೆ ಕಾರ್ಡೇ ಎದ್ದಿಲ್ಲ. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ‘ಸೌಂಡ್ ಓಪನ್ ಫರ್ಮ್‌ವೇರ್’ ಕಡತದ ಕೊರತೆ ಇದಕ್ಕೆ ಸಾಮಾನ್ಯ ಕಾರಣ. ಕಾರ್ಡ್ ಇದ್ದೂ ಮೌನವಾದರೆ ‘ಆಲ್ಸಾಮಿಕ್ಸರ್’ ತೆರೆದು ಮ್ಯೂಟ್ ನೋಡಬೇಕು, ಧ್ವನಿ ಎಚ್‌ಡಿಎಂಐ ಕಡೆಗೆ ಹರಿಯುತ್ತಿದೆಯೇ ನೋಡಬೇಕು.

ನಿದ್ದೆಯ ವಿಷಯ ಹೆಚ್ಚು ಆಳದ್ದು. ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದರೆ ಒಳಗೇ ಬಿಸಿಯಾಗುತ್ತದೆ, ಬೆಳಗ್ಗೆ ನೋಡಿದರೆ ಬ್ಯಾಟರಿ ಖಾಲಿ. ಮಲಗುವ, ಏಳುವ, ಬೆಳಕು ತಗ್ಗಿಸುವ ಕೆಲಸಗಳನ್ನು ಯಂತ್ರ ಮತ್ತು ಆಪರೇಟಿಂಗ್ ಸಿಸ್ಟಂ ಎಸಿಪಿಐ ಎಂಬ ಒಪ್ಪಂದದ ಪ್ರಕಾರ ನಡೆಸುತ್ತವೆ. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಅದನ್ನು 1996ರಲ್ಲಿ ಹೊರತಂದವು. ಯಂತ್ರದ ಬಯಾಸ್‌ನಲ್ಲಿ ಕೂತ ಸಣ್ಣ ಪ್ರೋಗ್ರಾಮ್ ‘ನೀನು ಯಾವ ವಿಂಡೋಸ್?’ ಎಂದು ಕೇಳುತ್ತದೆ. ಲಿನಕ್ಸ್ ಒಂದೊಂದು ವಿಂಡೋಸ್ ಹೆಸರಿಗೂ ‘ಹೌದು’ ಎನ್ನುತ್ತದೆ, ‘ಲಿನಕ್ಸೇ?’ ಎಂದು ಕೇಳಿದರೆ ‘ಅಲ್ಲ’ ಎನ್ನುತ್ತದೆ. ಸುಳ್ಳೇ ಸರಿ, ಆದರೆ ತಯಾರಕರು ಪರೀಕ್ಷಿಸಿ ಬಿಟ್ಟಿರುವುದು ವಿಂಡೋಸ್‌ನ ದಾರಿಯನ್ನು ಮಾತ್ರ; ಲಿನಕ್ಸ್ ಎಂದರೆ ಯಾರೂ ನಡೆದು ನೋಡದ ದಾರಿಗೆ ಯಂತ್ರ ಹೊರಳುತ್ತದೆ. ನಿದ್ದೆಯಲ್ಲೂ ಎರಡು ಬಗೆ. ಹಳೆಯದು ಗಾಢನಿದ್ದೆ, ನೆನಪಿನ ಚಿಪ್‌ಗೆ ಬಿಟ್ಟು ಉಳಿದೆಡೆ ವಿದ್ಯುತ್ ಬಹುತೇಕ ನಿಲ್ಲುತ್ತದೆ. ಹೊಸದು ಫೋನಿನಂಥ ಕೋಳಿನಿದ್ದೆ. ‘ಸಿಸ್’ ಫೋಲ್ಡರಿನ ‘ಪವರ್’ ಒಳಗೆ ‘ಮೆಮ್_ಸ್ಲೀಪ್’ ಎಂಬ ಕಡತ ಓದಿದರೆ ಯಾವ ನಿದ್ದೆ ಲಭ್ಯ, ಯಾವುದು ಜಾರಿಯಲ್ಲಿದೆ ಎಂದು ತಿಳಿಯುತ್ತದೆ; ಜಾರಿಯಲ್ಲಿರುವುದರ ಸುತ್ತ ಚೌಕ ಆವರಣವಿರುತ್ತದೆ. ಅಲ್ಲಿ ‘ಡೀಪ್’ ಎಂಬ ಪದವಿದ್ದರೆ ಅದಕ್ಕೆ ಬದಲಾಯಿಸಿ ಒಂದು ರಾತ್ರಿ ನೋಡಬಹುದು. ಇತ್ತೀಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಪದವೇ ಇಲ್ಲ. ಬಯಾಸ್ ಮಾಡಿದವರೇ ಗಾಢನಿದ್ದೆ ತೆಗೆದುಹಾಕಿರುವಾಗ ಯಾವ ವಿತರಣೆ ಬದಲಿಸಿದರೂ ಅದು ಬರುವುದಿಲ್ಲ.

ಕರ್ನಾಟಕದ ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಹೆಚ್ಚು ಕಾಣುವ ಹಳೆಯ ಪ್ರಿಂಟರ್‌ಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಒಂದು. ಲಿನಕ್ಸ್ ಹಾಕಿದ ಯಂತ್ರಕ್ಕೆ ಅದನ್ನು ಸಿಕ್ಕಿಸಿದರೆ ಎಲ್‌ಎಸ್‌ಯುಎಸ್‌ಬಿಯಲ್ಲಿ 03ಎಫ್0:2ಬಿ17 ಎಂದು ಕಾಣುತ್ತದೆ. ಹೆಸರೂ ಬರುತ್ತದೆ. ಪ್ರಿಂಟ್ ಕೊಟ್ಟರೆ ಕೆಲಸ ಮುಗಿಯಿತೆಂದು ಸರದಿಪಟ್ಟಿ ಹೇಳುತ್ತದೆ, ಕಾಗದ ಮಾತ್ರ ಅಲುಗುವುದಿಲ್ಲ. ಈ ಪ್ರಿಂಟರಿಗೆ ಎರಡು ಗುಣಗಳಿವೆ. ಪುಟವನ್ನು ತಾನೇ ರಚಿಸುವ ಶಕ್ತಿ ಅದಕ್ಕಿಲ್ಲ, ಅಕ್ಷರವನ್ನು ಚುಕ್ಕಿಗಳಾಗಿ ಒಡೆಯುವುದು ಗಣಕದ ಪಾಲಿನ ಕೆಲಸ. ಜೊತೆಗೆ ಅದರ ಫರ್ಮ್‌ವೇರ್ ಪ್ರಿಂಟರಿನಲ್ಲಿ ನಿಲ್ಲುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗ ಗಣಕದಿಂದ ತುಂಬಿಸಬೇಕು. ಕರೆಂಟ್ ಹೋಗಿ ಬಂದರೆ ಪ್ರಿಂಟರ್ ಮತ್ತೆ ಬರಿದು. ವಿಂಡೋಸ್‌ನಲ್ಲಿ ಈ ತುಂಬಿಸುವಿಕೆ ತೆರೆಮರೆಯಲ್ಲಿ ನಡೆಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಎಚ್‌ಪಿಎಲ್‌ಐಪಿ ಎಂಬ ತಂತ್ರಾಂಶ; ಫರ್ಮ್‌ವೇರ್ ಮಾತ್ರ ಅದರ ಪ್ರತ್ಯೇಕ ‘ಪ್ಲಗಿನ್’ನಲ್ಲಿದೆ. ತಂತ್ರಾಂಶದ ಆವೃತ್ತಿಯೂ ಪ್ಲಗಿನ್ ಆವೃತ್ತಿಯೂ ಒಂದೇ ಆಗಿರಬೇಕು. ಎರಡು ವರ್ಷ ಸುಸೂತ್ರವಾಗಿ ನಡೆದ ಪ್ರಿಂಟರ್ ವಿತರಣೆಯನ್ನು ಅಪ್‌ಗ್ರೇಡ್ ಮಾಡಿದ ಮರುದಿನ ಮೂಕವಾದರೆ ಕಾರಣ ಬಹುಪಾಲು ಇದೇ: ತಂತ್ರಾಂಶ ಹೊಸದಾಗಿದೆ, ಪ್ಲಗಿನ್ ಹಳೆಯದೇ ಉಳಿದಿದೆ. ‘ಎಚ್‌ಪಿ-ಪ್ಲಗಿನ್’ ಆದೇಶ ಮತ್ತೊಮ್ಮೆ ಓಡಿಸಿ, ಪ್ರಿಂಟರ್ ಆರಿಸಿ ಹಾಕಿದರೆ ಒಳಗಿನ ಗಾಲಿಗಳು ಒಮ್ಮೆ ಗುರ್ ಎಂದು ತಿರುಗುತ್ತವೆ. ಫರ್ಮ್‌ವೇರ್ ಇಳಿಯಿತು ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಅಷ್ಟೇ ಜನಪ್ರಿಯವಾದ ಕ್ಯಾನನ್ ಎಲ್‌ಬಿಪಿ2900 ತನ್ನದೇ ಕ್ಯಾಪ್ಟ್ ಭಾಷೆಯಲ್ಲಿ ಮಾತಾಡುವುದರಿಂದ ಇನ್ನೂ ಹಠಮಾರಿ. ಹೊಸ ಪ್ರಿಂಟರ್ ಕೊಳ್ಳುವವರಿಗೆ ಈ ತಾಪತ್ರಯ ಬೇಕಿಲ್ಲ: ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಎಂದು ಬರೆದಿರುವ ಪ್ರಿಂಟರ್‌ಗಳನ್ನು ಕಪ್ಸ್ ಎಂಬ ಮುದ್ರಣ ಸೇವೆ ಪ್ರತ್ಯೇಕ ಡ್ರೈವರ್ ಇಲ್ಲದೆಯೇ ನಡೆಸುತ್ತದೆ.

ನಿನ್ನೆ ನಡೆಯುತ್ತಿದ್ದದ್ದು ಇಂದು ನಿಂತಿದ್ದರೆ ಹುಡುಕಾಟ ಸುಲಭ, ಏಕೆಂದರೆ ಹೋಲಿಸಲು ಒಂದು ಒಳ್ಳೆಯ ದಿನವಿದೆ. ಹೆಚ್ಚಿನ ವಿತರಣೆಗಳು ಹಿಂದಿನ ಕರ್ನೆಲ್ ಒಂದನ್ನಾದರೂ ಉಳಿಸಿಕೊಂಡಿರುತ್ತವೆ. ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಅದನ್ನು ಆರಿಸಿ ನೋಡಿದರೆ ತಪ್ಪು ಕರ್ನೆಲ್‌ನದೋ ಅಲ್ಲವೋ ಎಂಬುದು ಒಂದೇ ಮರುಚಾಲನೆಯಲ್ಲಿ ಇತ್ಯರ್ಥವಾಗುತ್ತದೆ. ಮೊದಲಿಂದಲೂ ನಡೆಯದಿದ್ದರೆ ಬೇರೊಂದು ವಿತರಣೆಯ ಹೊಸ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬರೆದು, ಡಿಸ್ಕ್ ಮುಟ್ಟದೆ ಅದರಿಂದಲೇ ಯಂತ್ರ ನಡೆಸಿ ನೋಡಬಹುದು. ಅಲ್ಲೂ ಇಲ್ಲವೆಂದರೆ, ವಿಂಡೋಸ್‌ನಲ್ಲಾದರೂ ನಡೆಯುತ್ತದೆಯೇ ಎಂದು ನೋಡುವುದು ಒಳ್ಳೆಯದು. ಸುಟ್ಟುಹೋದ ಚಿಪ್‌ಗೆ ಡ್ರೈವರ್ ಹುಡುಕಿದ ಪ್ರಸಂಗಗಳು ಕಡಿಮೆಯೇನಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಬರೆದಿಡುವುದು, ಫಲ ಕಾಣದ ಬದಲಾವಣೆಯನ್ನು ಹಿಂದಕ್ಕೆ ತೆಗೆಯುವುದು. ಐದು ಕಡೆಯಿಂದ ಆರಿಸಿದ ಐದು ಆದೇಶಗಳನ್ನು ಒಟ್ಟಿಗೆ ಅಂಟಿಸಿದವರಿಗೆ ಯಾವುದು ಗುಣ ಮಾಡಿತೆಂದೂ ಯಾವುದು ಹೊಸ ರೋಗ ತಂದಿತೆಂದೂ ತಿಳಿಯುವುದಿಲ್ಲ. ಬೇರೆಯವರ ನೆರವು ಕೇಳುವಾಗ ಸಾಧನದ ಸಂಖ್ಯೆ, ಕರ್ನೆಲ್ ಆವೃತ್ತಿ, ದಿನಚರಿಯ ಆ ಹೊತ್ತಿನ ಸಾಲುಗಳು, ಈ ಮೂರು ಕೊಟ್ಟರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಲ್ಯಾಪ್‌ಟಾಪಿನ ಬಣ್ಣ, ಕೊಂಡ ಅಂಗಡಿ, ಕೊಟ್ಟ ದುಡ್ಡು ಯಾರಿಗೂ ಬೇಕಿಲ್ಲ.

ಹೊಂದಿಸಲಾಗದ ಸಾಧನಗಳೂ ಇವೆ. ಲ್ಯಾಪ್‌ಟಾಪ್‌ನ ಬೆರಳಚ್ಚು ಓದುವ ಭಾಗಗಳಲ್ಲಿ ಎಷ್ಟೋ ಸಂಖ್ಯೆಗಳಿಗೆ ಮುಕ್ತ ಡ್ರೈವರ್ ಇಂದಿಗೂ ಇಲ್ಲ. ಆಗ ಪಾಸ್‌ವರ್ಡ್ ಟೈಪ್ ಮಾಡಿಕೊಳ್ಳುವುದೇ ಗತಿ. ಧ್ವನಿಯ ಕಾರ್ಡ್ ಮಣಿಯದಿದ್ದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಧ್ವನಿ ಕಡ್ಡಿ ಸಾಕು, ಅದಕ್ಕೆ ಎಲ್ಲೆಡೆ ಒಂದೇ ಸಾಮಾನ್ಯ ಡ್ರೈವರ್. ವೈಫೈ ಕಾರ್ಡನ್ನು ಕಿತ್ತು ಇಂಟೆಲ್‌ನದೊಂದನ್ನು ಹಾಕಿಸುವುದು ರಿಪೇರಿ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಹಾಕಿಸುವ ಮೊದಲು ಎರಡು ವಿಷಯ ಕೇಳಿಕೊಳ್ಳಬೇಕು. ಹಳೆಯ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡ್ ಕಂಡರೆ ಯಂತ್ರವನ್ನೇ ಶುರುಮಾಡುವುದಿಲ್ಲ. ಇಂಟೆಲ್‌ನ ಕಾರ್ಡ್‌ಗಳಲ್ಲಿ 9560 ಮತ್ತು ಎಎಕ್ಸ್201ರಂಥವು ಇಂಟೆಲ್ ಪ್ರೊಸೆಸರ್ ಇರುವ ಕೆಲವು ಬೋರ್ಡ್‌ಗಳಲ್ಲಷ್ಟೇ ನಡೆಯುತ್ತವೆ: ಅವುಗಳ ಅರ್ಧ ಭಾಗ ಪ್ರೊಸೆಸರ್ ಬಳಗದ ಚಿಪ್‌ನೊಳಗಿದೆ, ಎಲ್ಲ ಬೋರ್ಡಿಗೂ ಸಲ್ಲುವವು 9260 ಮತ್ತು ಎಎಕ್ಸ್200.